ಸಿಗರೇಟು ಬಿಡುವುದು, ಆಮೇಲೆ ಗಮ್ಮನ್ನೂ ಬಿಡುವುದು

ಔಷಧದಂಗಡಿಯಲ್ಲಿ ನಿಂತು ಬಹಳ ವರ್ಷ, ಸಿಗರೇಟು ಬಿಡಲು ಬಾಯಲ್ಲಿ ಅಗಿಯುವ ನಿಕೋಟಿನ್ ಗಮ್ ಮಾರಿದವನು ನಾನು. ಅದನ್ನು ಕೊಳ್ಳುವವರಲ್ಲಿ ಎರಡು ಬಗೆ. ಕೆಲವರು ಒಂದು ಸ್ಟ್ರಿಪ್ ಒಯ್ದು ಎರಡೇ ದಿನದಲ್ಲಿ ಹಿಂದಿರುಗಿ, ಗಂಟಲು ಉರಿ, ಬಿಕ್ಕಳಿಕೆ, ಏನೂ ಪ್ರಯೋಜನವಿಲ್ಲ ಎಂದು ಬೈದು ಹೋಗುತ್ತಾರೆ. ಇನ್ನು ಕೆಲವರು ಸಿಗರೇಟು ಬಿಟ್ಟು ವರ್ಷಗಳಾದರೂ ತಿಂಗಳ ಸಾಮಾನಿನ ಜೊತೆ ಗಮ್ ಒಯ್ಯುತ್ತಲೇ ಇರುತ್ತಾರೆ. ಇಬ್ಬರ ತೊಂದರೆಯ ಮೂಲ ಒಂದೇ: ಅದು ಔಷಧ ಎಂದು ಯಾರೂ ಅವರಿಗೆ ಸರಿಯಾಗಿ ಹೇಳಿಲ್ಲ. ಔಷಧಕ್ಕೆ ಪ್ರಮಾಣವಿದೆ, ತೆಗೆದುಕೊಳ್ಳುವ ಹೊತ್ತಿದೆ, ನಿಲ್ಲಿಸುವ ಕ್ರಮವಿದೆ. ಆಸೆಯಾದಾಗ ಒಂದು ಬಾಯಿಗೆ ಹಾಕಿಕೊಂಡರೆ ಮೊದಲನೆಯವರ ಹಾಗೆ ಸೋಲುತ್ತೀರಿ, ಇಲ್ಲವೇ ಎರಡನೆಯವರ ಹಾಗೆ ಸಿಕ್ಕಿಕೊಳ್ಳುತ್ತೀರಿ. ಗಡಿಯಾರ ನೋಡಿ ತಿಂದರೆ ಎರಡೂ ತಪ್ಪುತ್ತವೆ.

ಒಂದು ಚಟ ಬಿಡಿಸಲು ಇನ್ನೊಂದು ಚಟವೇ ಎಂದು ಮನೆಯವರು ಹಂಗಿಸುವುದುಂಟು. ನಿಕೋಟಿನ್ ಚಟ ಹತ್ತಿಸುತ್ತದೆ, ನಿಜ. ಆದರೆ ಕ್ಯಾನ್ಸರ್, ಹೃದಯಾಘಾತ, ಶ್ವಾಸಕೋಶದ ಕಾಯಿಲೆಗಳಿಗೆ ಮುಖ್ಯ ಕಾರಣ ಸುಟ್ಟ ತಂಬಾಕಿನ ಹೊಗೆಯಲ್ಲಿರುವ ಟಾರ್, ಕಾರ್ಬನ್ ಮಾನಾಕ್ಸೈಡ್ ಮತ್ತು ಇತರ ವಿಷಗಳು. ಗಮ್ ಮತ್ತು ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿಯಾದ ಪ್ಯಾಚ್ ಆ ಹೊಗೆಯನ್ನು ಬಿಟ್ಟು ನಿಕೋಟಿನ್ ಮಾತ್ರ ಕೊಡುತ್ತವೆ, ಅದೂ ನಿಧಾನವಾಗಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದ ರಾಷ್ಟ್ರೀಯ ಪಟ್ಟಿಗೆ 2022ರಲ್ಲಿ ಸೇರಿದವು. ಇಷ್ಟು ಹೇಳಿ ಸುಮ್ಮನಾಗಿ, ವಾದ ಬೆಳೆಸಬೇಡಿ. ಬಿಡುವ ವಾರದಲ್ಲಿ ಜಗಳಕ್ಕೆ ಬೇರೆ ಕಾರಣಗಳು ತಾವಾಗಿಯೇ ಸಿಗುತ್ತವೆ.

ಮೊದಲು ಪ್ರಮಾಣ ಗೊತ್ತುಮಾಡಿಕೊಳ್ಳಿ

ದಿನಕ್ಕೆ ಎಷ್ಟು ಸೇದುತ್ತೀರಿ ಎನ್ನುವುದಕ್ಕಿಂತ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ ಎನ್ನುವುದು ಚಟದ ಆಳವನ್ನು ಚೆನ್ನಾಗಿ ತಿಳಿಸುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ತಾಸಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿಯ ನಿದ್ದೆ ಮುಗಿಯುವಷ್ಟರಲ್ಲಿ ಬಹುಪಾಲು ಖಾಲಿ. ಎದ್ದ 30 ನಿಮಿಷದೊಳಗೆ ಹಚ್ಚಲೇಬೇಕು ಎನ್ನುವವರಿಗೆ 4 ಮಿಲಿಗ್ರಾಂ ಗಮ್ ಬೇಕಾಗುತ್ತದೆ. ತಿಂಡಿಯಾಗಿ, ಸ್ನಾನವಾಗಿ, ಆಮೇಲೆ ಹಚ್ಚುವವರಿಗೆ 2 ಮಿಲಿಗ್ರಾಂ ಸಾಕು. ನಮ್ಮಲ್ಲಿ 2 ಮಿಲಿಗ್ರಾಂ ಗಮ್ ಚೀಟಿಯಿಲ್ಲದೆ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು. ಅನೇಕರು ಸೋಲುವುದಕ್ಕೆ ಇದೂ ಒಂದು ಕಾರಣ: ಹಾಸಿಗೆಯಿಂದ ಏಳುತ್ತಲೇ ಸೇದುವವರು ಸುಲಭವಾಗಿ ಸಿಕ್ಕುವ 2 ಮಿಲಿಗ್ರಾಂ ಕೊಂಡು, ದಿನಕ್ಕೆ ಮೂರು ತಿಂದು, ಇದು ಕೆಲಸ ಮಾಡುವುದಿಲ್ಲ ಎಂದು ತೀರ್ಮಾನಿಸುತ್ತಾರೆ.

ಬೀಡಿ ಸೇದುವವರಿಗೆ ಒಂದು ಮಾತು. ಬೀಡಿ ಚಿಕ್ಕದು, ಅದಕ್ಕೆ ಅರ್ಧ ಲೆಕ್ಕ ಸಾಕು ಎಂದುಕೊಳ್ಳಬೇಡಿ. ಬೀಡಿಯ ಎಲೆಯಲ್ಲಿ ಗಾಳಿಯಾಡುವುದಿಲ್ಲ. ಅದು ಆರದಂತೆ ನೋಡಿಕೊಳ್ಳಲು ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕು. ಒಳಗೆ ಹೋಗುವ ನಿಕೋಟಿನ್ ಸಿಗರೇಟಿನದಕ್ಕಿಂತ ಕಡಿಮೆಯೇನಲ್ಲ. ನಿಮಗೂ ಅದೇ 30 ನಿಮಿಷದ ಪ್ರಶ್ನೆ, ಅದೇ ಉತ್ತರ.

ಇತ್ತೀಚೆಗೆ ಹೃದಯಾಘಾತವಾದವರು, ಎದೆಬಡಿತ ಏರುಪೇರಾಗುವವರು, ಗರ್ಭಿಣಿಯರು, ಹಾಲೂಡಿಸುವವರು, 18 ತುಂಬದವರು ಮೊದಲು ವೈದ್ಯರನ್ನು ಕಾಣಬೇಕು. ಕಟ್ಟಿಸಿದ ಹಲ್ಲುಸೆಟ್ಟಿಗೆ ಗಮ್ ಅಂಟಿಕೊಳ್ಳುತ್ತದೆ. ಅಂಥವರಿಗೆ ಪ್ಯಾಚ್ ಅಥವಾ ಚೀಪುವ ಲಾಜೆಂಜ್ ಅನುಕೂಲ. ಇನ್ನೊಂದು ಗುಂಪಿನವರನ್ನು ಯಾರೂ ಎಚ್ಚರಿಸುವುದಿಲ್ಲ. ಹೊಗೆಯಲ್ಲಿನ ಟಾರ್ ಯಕೃತ್ತನ್ನು ಪ್ರಚೋದಿಸಿ ಕೆಲವು ಔಷಧಗಳನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ಅದೇ ಮಾತ್ರೆ ಮೈಯಲ್ಲಿ ಹೆಚ್ಚು ಉಳಿಯುತ್ತದೆ. ಕ್ಲೋಜಪಿನ್, ಒಲಾಂಜಪಿನ್, ಥಿಯೋಫಿಲಿನ್, ವಾರ್ಫರಿನ್ ತೆಗೆದುಕೊಳ್ಳುವವರು ಮತ್ತು ಇನ್ಸುಲಿನ್ ಹಾಕಿಕೊಳ್ಳುವವರು ಸಿಗರೇಟು ಬಿಡುವ ದಿನಾಂಕವನ್ನು ತಮ್ಮ ವೈದ್ಯರಿಗೆ ಮುಂಚೆಯೇ ತಿಳಿಸಬೇಕು.

ದಿನ ಗೊತ್ತುಮಾಡಿ, ಹೊತ್ತುಗಳನ್ನು ಬರೆದಿಡಿ

ಒಂದೆರಡು ವಾರದೊಳಗಿನ ಒಂದು ದಿನ ಆರಿಸಿ. ಅದಕ್ಕೆ ಮುಂಚೆ ಮೂರು ದಿನ, ಹಚ್ಚಿದ ಪ್ರತಿಯೊಂದನ್ನೂ ಬರೆಯಿರಿ: ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ. ಶೌಚಕ್ಕೆ ಹೋಗುವ ಮುಂಚೆ, ಕಾಫಿಯ ಜೊತೆ, ಊಟವಾದ ಮೇಲೆ, ಬಸ್ಸಿಗೆ ಕಾಯುವಾಗ, ಕಚೇರಿಯ ಕೆಳಗಿನ ಚಹಾದಂಗಡಿಯಲ್ಲಿ, ಫೋನಿನಲ್ಲಿ ಮಾತಾಡುತ್ತ ಅಂಗಳದಲ್ಲಿ ಶತಪಥ ಹಾಕುವಾಗ. ಬರೆದ ಮೇಲೆ ನೋಡಿದರೆ ಅರ್ಧಕ್ಕರ್ಧ ನಿಜವಾದ ತಲಬಿನವಲ್ಲ, ಜಾಗ ಮತ್ತು ಜೊತೆಗಾರರು ಸೇದಿಸಿದವು.

ಈ ವ್ಯತ್ಯಾಸ ನಮ್ಮ ಊರುಗಳಲ್ಲಿ ಪ್ರತಿ ವರ್ಷವೂ ಕಣ್ಣಿಗೆ ಬೀಳುತ್ತದೆ. ಅಯ್ಯಪ್ಪನ ಮಾಲೆ ಹಾಕಿದವರಲ್ಲಿ ಎಷ್ಟೋ ಜನ 41 ದಿನ ಸಿಗರೇಟು ಮುಟ್ಟುವುದಿಲ್ಲ. ನಿಕೋಟಿನ್ ಇಲ್ಲದ ದೇಹದ ಗಲಾಟೆ ಮೊದಲ ಮೂರ್ನಾಲ್ಕು ದಿನ ಜೋರಾಗಿದ್ದು ಎರಡರಿಂದ ನಾಲ್ಕು ವಾರದಲ್ಲಿ ಅಡಗುತ್ತದೆ. ಅಂದರೆ ಶಬರಿಮಲೆಯಿಂದ ಇಳಿಯುವ ಹೊತ್ತಿಗೆ ದೇಹದ ಮಟ್ಟಿಗೆ ಅವರು ಚಟ ಬಿಟ್ಟವರೇ. ಆದರೂ ಮಾಲೆ ತೆಗೆದ ವಾರದಲ್ಲೇ ಹಳೆಯ ಅಂಗಡಿಯ ಮುಂದೆ ಹಳೆಯ ಗೆಳೆಯರ ಜೊತೆ ನಿಂತು ಹಚ್ಚುತ್ತಾರೆ. ವ್ರತದಲ್ಲಿ ದಿನಚರಿಯೇ ಬೇರೆ, ಒಡನಾಟವೇ ಬೇರೆ, ಸೇದು ಎಂದು ಒತ್ತಾಯಿಸುವವರಿಲ್ಲ. ರಂಜಾನಿನಲ್ಲಿ ಇಡೀ ಹಗಲು ಸೇದದೆ ಇರಬಲ್ಲವರು ಇಫ್ತಾರ್ ಮುಗಿದೊಡನೆ ಹೊರಗೆ ಹೋಗುವುದೂ ಇದೇ ಬಗೆ. ಆದ್ದರಿಂದ ಮಾಲೆ ಹಾಕುವವರಿಗೆ ನನ್ನ ಸಲಹೆ: ಬಿಡುವ ದಿನವನ್ನು ಬೇರೆ ಹುಡುಕಬೇಡಿ, ಅದನ್ನೇ ಹಿಡಿಯಿರಿ, ಆದರೆ ಮಾಲೆ ತೆಗೆದ ಮರುದಿನ ಸಂಜೆ ಎಲ್ಲಿರುತ್ತೀರಿ ಎನ್ನುವುದನ್ನು ಈಗಲೇ ಯೋಚಿಸಿಡಿ.

ಹಿಂದಿನ ರಾತ್ರಿ ಪ್ಯಾಕು, ಲೈಟರು, ಬೂದಿಬಟ್ಟಲು, ಸ್ಕೂಟರಿನ ಡಿಕ್ಕಿಯಲ್ಲಿ ಅಡಗಿಸಿಟ್ಟ ಒಂದು, ಕಿಟಕಿಯ ಸಂದಿನಲ್ಲಿ ಆರಿಸಿಟ್ಟ ಮೋಟುಬೀಡಿ, ಎಲ್ಲವನ್ನೂ ಎಸೆಯಿರಿ. ಆಪತ್ತಿಗಿರಲಿ ಎಂದು ಒಂದನ್ನು ಉಳಿಸಿಕೊಂಡರೆ ಆಪತ್ತು ಆ ರಾತ್ರಿಯೇ ಬರುತ್ತದೆ.

ಗಮ್ ಅಗಿಯುವ ಬಗೆ

ಹತ್ತರಲ್ಲಿ ಒಂಬತ್ತು ದೂರುಗಳು ಇಲ್ಲಿಂದಲೇ ಹುಟ್ಟುತ್ತವೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇದು ಚಪ್ಪರಿಸಿ ಅಗಿಯುವ ಗಮ್ ಅಲ್ಲ. ಮಾಮೂಲಿ ಚೂಯಿಂಗ್ ಗಮ್ಮಿನಂತೆ ಜಗಿದರೆ ನಿಕೋಟಿನ್ ಒಮ್ಮೆಲೇ ಹೊರಬಂದು ಎಂಜಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಅದರಿಂದ ಉಪಯೋಗ ಕಡಿಮೆ, ಉಪದ್ರವ ಹೆಚ್ಚು: ಬಿಕ್ಕಳಿಕೆ, ಎದೆಯುರಿ, ಓಕರಿಕೆ. ನಿಕೋಟಿನ್ ರಕ್ತ ಸೇರಬೇಕಾದದ್ದು ಕೆನ್ನೆಯ ಒಳಪೊರೆಯಿಂದ. ನಿಧಾನವಾಗಿ ಹತ್ತು ಹದಿನೈದು ಸಲ ಅಗಿಯಿರಿ. ಖಾರವೋ ಚುಮುಚುಮು ಎನ್ನುವ ರುಚಿಯೋ ಕಂಡೊಡನೆ ಅಗಿಯುವುದನ್ನು ನಿಲ್ಲಿಸಿ, ಹೊಗೆಸೊಪ್ಪು ಹಾಕುವವರು ಇಟ್ಟುಕೊಳ್ಳುವ ಹಾಗೆ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ. ಒಂದು ನಿಮಿಷದಲ್ಲಿ ಚುಮುಚುಮು ಇಳಿಯುತ್ತದೆ. ಮತ್ತೆ ನಾಲ್ಕಾರು ಸಲ ಅಗಿಯಿರಿ, ಈ ಬಾರಿ ಇನ್ನೊಂದು ಬದಿಗೆ ಇಡಿ. ಹೀಗೆ ಅರ್ಧ ಗಂಟೆ. ಆಮೇಲೆ ಕಾಗದದಲ್ಲಿ ಸುತ್ತಿ ಎಸೆಯಿರಿ.

ಗಮ್ ಬಾಯಲ್ಲಿರುವಾಗ ಮತ್ತು ಅದಕ್ಕೆ ಮುಂಚಿನ 15 ನಿಮಿಷ ನೀರಿನ ಹೊರತು ಏನೂ ಬೇಡ. ಕಾಫಿ, ಹಣ್ಣಿನ ರಸ, ಕೋಲಾಗಳ ಹುಳಿ ಬಾಯಲ್ಲಿದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಮಜ್ಜಿಗೆ, ತಿಳಿಸಾರು ಕುಡಿದ ಬಾಯಿಯೂ ಅಷ್ಟೆ. ನಮ್ಮವರು ಮಾಡುವುದೇನು? ಲೋಟ ಕಾಫಿ ಮುಗಿಸಿ, ಸಿಗರೇಟಿನ ಜಾಗಕ್ಕೆ ಸರಿಯಾಗಿ ಗಮ್ ಹಾಕಿಕೊಳ್ಳುತ್ತಾರೆ. ಅದು ವ್ಯರ್ಥ. ಬಾಯಿ ಮುಕ್ಕಳಿಸಿ, ಕಾದು, ಆಮೇಲೆ ಹಾಕಿಕೊಳ್ಳಿ.

ಇನ್ನು ಹೊತ್ತು. ಸಿಗರೇಟಿನ ಒಂದು ದಮ್ಮು ಮಿದುಳು ತಲುಪಲು ಹತ್ತಿಪ್ಪತ್ತು ಸೆಕೆಂಡು ಸಾಕು. ಗಮ್ಮಿನದು ಏರಲು 20ರಿಂದ 30 ನಿಮಿಷ ಬೇಕು. ತಲಬು ಬಂದ ಮೇಲೆ ಬಾಯಿಗೆ ಹಾಕಿದರೆ ಅದು ತಲಪುವಷ್ಟರಲ್ಲಿ ನೀವು ಅಂಗಡಿಗೆ ಹೋಗಿ ಬಂದಿರುತ್ತೀರಿ. ಅದಕ್ಕೇ ಗಡಿಯಾರ. ಮೊದಲ ಆರು ವಾರ ಒಂದೆರಡು ತಾಸಿಗೆ ಒಂದರಂತೆ, ದಿನಕ್ಕೆ ಒಂಬತ್ತಕ್ಕಿಂತ ಕಡಿಮೆಯಿಲ್ಲದಂತೆ. ಏಳರಿಂದ ಒಂಬತ್ತನೆಯ ವಾರ ಎರಡರಿಂದ ನಾಲ್ಕು ತಾಸಿಗೊಂದು. ಹತ್ತರಿಂದ ಹನ್ನೆರಡನೆಯ ವಾರ ನಾಲ್ಕರಿಂದ ಎಂಟು ತಾಸಿಗೊಂದು. ದಿನಕ್ಕೆ 24 ಮೀರಬಾರದು. ಒಂಬತ್ತು ಎಂದರೆ ಜನ ಹೌಹಾರುತ್ತಾರೆ. ಇಪ್ಪತ್ತು ಸಿಗರೇಟು ಸೇದುವಾಗ ಯಾರೂ ಹೌಹಾರಿರಲಿಲ್ಲ. 2 ಮಿಲಿಗ್ರಾಮಿನ ಒಂದು ಗಮ್ಮಿನಿಂದ ರಕ್ತಕ್ಕೆ ಸೇರುವುದು ಸುಮಾರು ಅರ್ಧ ಭಾಗ ಮಾತ್ರ.

ಪ್ಯಾಚ್‌ನಲ್ಲಿ ಈ ಕಸರತ್ತಿಲ್ಲ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ ಸಾಮಾನ್ಯವಾಗಿ ಆರು ವಾರ 21 ಮಿಲಿಗ್ರಾಂ, ಎರಡು ವಾರ 14, ಇನ್ನೆರಡು ವಾರ 7. ಹತ್ತು ಅಥವಾ ಕಡಿಮೆ ಸೇದುವವರು 14ರಿಂದ ಶುರುಮಾಡುತ್ತಾರೆ. ಬೆಳಿಗ್ಗೆ ಹಚ್ಚಿ, ದಿನಾ ಜಾಗ ಬದಲಿಸಿ, ಕೂದಲಿಲ್ಲದ ಒಣ ಚರ್ಮ ಆರಿಸಿ. ಎಣ್ಣೆಸ್ನಾನದ ದಿನ ಜಿಡ್ಡು ಪೂರ್ತಿ ಹೋಗುವಂತೆ ತೊಳೆದು ಒರೆಸದಿದ್ದರೆ ಅದು ನಿಲ್ಲುವುದಿಲ್ಲ. ಕರಾವಳಿಯ ಬೆವರಿನಲ್ಲಿ ತೋಳಿನ ಮೇಲ್ಭಾಗವೇ ವಾಸಿ. ರಾತ್ರಿ ಚಿತ್ರವಿಚಿತ್ರ ಕನಸು ಬಿದ್ದರೆ ಮಲಗುವಾಗ ತೆಗೆದುಬಿಡಿ. ದಿನವಿಡೀ ಪ್ಯಾಚ್, ತಲಬು ಏರಿದಾಗ ಮೇಲಿಂದ ಒಂದು ಗಮ್ ಎನ್ನುವ ಜೋಡಿ ಯಾವುದೇ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ವೈದ್ಯರ ಸಲಹೆಯಿಂದ ಮಾಡಿ. ಇವೆರಡೂ ಆಗದವರಿಗೆ ವರೆನಿಕ್ಲಿನ್, ಬುಪ್ರೋಪಿಯಾನ್ ಮಾತ್ರೆಗಳಿವೆ; ಅವು ಚೀಟಿ ಮೇಲೆ ಮಾತ್ರ.

ಮೊದಲ ಎರಡು ವಾರ

ಸಿಡುಕು, ಆಕಳಿಕೆ, ಗಮನ ನಿಲ್ಲದಿರುವುದು, ಹಸಿವು ಎಲ್ಲರಿಗೂ ಗೊತ್ತು. ಹೇಳದೆ ಬಿಡುವ ಸಂಗತಿಗಳು ಬೇರೆ ಇವೆ.

ಮಲಬದ್ಧತೆ ಅವುಗಳಲ್ಲಿ ಮೊದಲನೆಯದು. ಸಿಗರೇಟು ಹಚ್ಚದೆ ಬೆಳಗಿನ ಕೆಲಸವಾಗುವುದಿಲ್ಲ ಎನ್ನುವವರು ಸುಳ್ಳು ಹೇಳುವುದಿಲ್ಲ. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ. ಇದೊಂದೇ ಕಾರಣಕ್ಕೆ ಮೂರನೆಯ ದಿನ ಮರಳಿ ಹಚ್ಚಿದವರನ್ನು ಕಂಡಿದ್ದೇನೆ. ಬಿಡುವ ದಿನಕ್ಕೆ ನಾಲ್ಕು ದಿನ ಮುಂಚೆಯೇ ರಾತ್ರಿ ಪಪ್ಪಾಯಿ ಅಥವಾ ನೆನೆಸಿದ ಒಣದ್ರಾಕ್ಷಿ, ಬೆಳಿಗ್ಗೆ ಎದ್ದೊಡನೆ ಎರಡು ಲೋಟ ಬಿಸಿನೀರು, ಊಟದಲ್ಲಿ ಸೊಪ್ಪು, ರಾಗಿ ಶುರುಮಾಡಿ. ಸಾಲದಿದ್ದರೆ ಒಂದು ವಾರಕ್ಕೆ ಇಸಬ್ಗೋಲ್.

ಎರಡನೆಯದು ಕಾಫಿ. ಯಕೃತ್ತಿನ ಬಗ್ಗೆ ಮೇಲೆ ಹೇಳಿದ್ದು ಕೆಫೀನಿಗೂ ಅನ್ವಯಿಸುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಅದೇ ನಾಲ್ಕು ಲೋಟ ಕಾಫಿಯಿಂದ ರಕ್ತದಲ್ಲಿ ಉಳಿಯುವ ಕೆಫೀನ್ ಸುಮಾರು ಎರಡರಷ್ಟಾಗುತ್ತದೆ. ಕೈನಡುಕ, ಎದೆ ಡವಡವ, ನಿದ್ದೆಗೇಡು ಬಂದಾಗ ಜನ ನಿಕೋಟಿನ್ ಸಾಲದು ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಕಾಫಿಯ ಕೆಲಸ. ಕಾಫಿ, ಚಹಾ ಅರ್ಧಕ್ಕಿಳಿಸಿ, ಸಂಜೆಯದನ್ನು ಬಿಟ್ಟುಬಿಡಿ.

ಕೆಮ್ಮು ಮೊದಲು ಹೆಚ್ಚಾಗಬಹುದು. ಶ್ವಾಸನಾಳದ ಒಳಗಿನ ಸೂಕ್ಷ್ಮ ರೋಮಗಳು ಮತ್ತೆ ಕಫ ಹೊರದಬ್ಬಲು ತೊಡಗಿರುತ್ತವೆ. ಕಫದಲ್ಲಿ ರಕ್ತ ಕಂಡರೆ ಅಥವಾ ಕೆಲವು ವಾರಗಳಾದರೂ ಕೆಮ್ಮು ನಿಲ್ಲದಿದ್ದರೆ ಮಾತ್ರ ಕಾಯದೆ ವೈದ್ಯರ ಬಳಿ ಹೋಗಿ. ತೂಕ ವರ್ಷದಲ್ಲಿ ಸರಾಸರಿ ನಾಲ್ಕೈದು ಕೆ.ಜಿ. ಏರುತ್ತದೆ, ಅದರ ಚಿಂತೆಯನ್ನು ಆರು ತಿಂಗಳು ಮುಂದಕ್ಕೆ ಹಾಕಿ.

ಒಂದೊಂದು ತಲಬು ಸಾಮಾನ್ಯವಾಗಿ ಐದಾರು ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಜಾಗ ಬದಲಿಸಿ: ಎದ್ದು ನಡೆಯಿರಿ, ಮುಖ ತೊಳೆಯಿರಿ, ಯಾರಿಗಾದರೂ ಫೋನ್ ಮಾಡಿ. ಏಲಕ್ಕಿ, ಸೋಂಪು, ಒಣ ನೆಲ್ಲಿಕಾಯಿ ಚೂರು ಜೇಬಿನಲ್ಲಿರಲಿ. ಅಡಿಕೆ ಬೇಡ. ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ ಬೇಡ ಎಂದು ಹೇಳಬೇಕಾಗಿಯೇ ಇಲ್ಲ. ಬರಿಯ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿದೆ. ಮಲೆನಾಡಿನ ಓದುಗರು ಕೋಪಿಸಿಕೊಂಡರೂ ಈ ಮಾತು ಬದಲಾಗುವುದಿಲ್ಲ. ಇ-ಸಿಗರೇಟು ದೇಶದಲ್ಲಿ 2019ರಿಂದ ನಿಷಿದ್ಧ. ಕಳ್ಳದಾರಿಯಲ್ಲಿ ಬರುವುದರೊಳಗೆ ಏನಿದೆ ಎಂದು ಮಾರುವವನಿಗೂ ತಿಳಿದಿರುವುದಿಲ್ಲ.

ಚಹಾದಂಗಡಿಯನ್ನು ಒಂದು ತಿಂಗಳು ತಪ್ಪಿಸಿ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರುವುದು ಕಾನೂನುಬಾಹಿರ, ಆದರೆ ಗೂಡಂಗಡಿಗಳಲ್ಲಿ ಅದು ಸಿಗುವುದು ನಿಂತಿಲ್ಲ. ಮರಳಿ ಬೀಳುವವರು ಬಹುತೇಕ ಬೀಳುವುದು ಆ ಒಂದರಿಂದಲೇ, ಪ್ಯಾಕಿನಿಂದಲ್ಲ. ಮದ್ಯದ ಕೂಟ ಅದಕ್ಕಿಂತಲೂ ಅಪಾಯದ ಜಾಗ.

ಜಾರಿದರೆ? ಒಂದು ಸೇದಿದಿರಿ ಎಂದು ಗಮ್ಮನ್ನಾಗಲಿ ಪ್ಯಾಚನ್ನಾಗಲಿ ನಿಲ್ಲಿಸಬೇಡಿ. ಪ್ಯಾಚ್ ಹಚ್ಚಿಕೊಂಡು ಒಂದು ದಮ್ಮು ಎಳೆದರೆ ಹೃದಯ ನಿಂತುಹೋಗುತ್ತದೆ ಎನ್ನುವುದು ಊರಿನ ಪುಕಾರು. ಔಷಧ ಮುಂದುವರಿಸಿ, ಉಳಿದ ಪ್ಯಾಕನ್ನು ಎಸೆಯಿರಿ. ಮಾತಾಡಲು ಯಾರಾದರೂ ಬೇಕೆನಿಸಿದರೆ ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-112-356 ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರ ಒಂದು ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಗಮ್ ಬಿಡುವುದು

ಹನ್ನೆರಡು ವಾರದ ಪಟ್ಟಿಯಂತೆ ನಡೆದವರಿಗೆ ಗಮ್ ತಾನಾಗಿಯೇ ಇಳಿದಿರುತ್ತದೆ. ಕಷ್ಟ ಪಡುವವರು ಪಟ್ಟಿಯಿಲ್ಲದೆ ತಿಂದವರು. ಅವರಿಗೆ ಮೊದಲ ಮಾತು: ಗಾಬರಿ ಬೇಡ, ಆತುರ ಬೇಡ. ಗಮ್ ಹೆಚ್ಚು ದಿನ ತಿನ್ನುವುದಕ್ಕಿಂತ, ಬೇಗ ನಿಲ್ಲಿಸುವ ಹಟಕ್ಕೆ ಬಿದ್ದು ಸಿಗರೇಟಿಗೆ ಮರಳುವುದು ಎಷ್ಟೋ ಪಾಲು ಕೆಟ್ಟದ್ದು. ಮನೆ ಕಟ್ಟಿಸುವಾಗ, ಮಗಳ ಮದುವೆಯ ತಿಂಗಳಲ್ಲಿ ಶುರುಮಾಡಬೇಡಿ.

ಒಂದು ವಾರ ಏನನ್ನೂ ಬದಲಿಸದೆ ಎಣಿಸಿ. ದಿನಕ್ಕೆ ಎಂಟು ಎಂದುಕೊಳ್ಳೋಣ. ಮರುವಾರದಿಂದ ಬೆಳಿಗ್ಗೆಯೇ ಏಳನ್ನು ಒಂದು ಸಣ್ಣ ಡಬ್ಬಿಗೆ ಹಾಕಿ, ಉಳಿದ ಸ್ಟ್ರಿಪ್ಪನ್ನು ಮನೆಯಲ್ಲೇ ಬಿಡಿ. ಡಬ್ಬಿ ಖಾಲಿಯಾದರೆ ಅಂದಿಗೆ ಮುಗಿಯಿತು. ನಾಲ್ಕರಿಂದ ಏಳು ದಿನಕ್ಕೊಮ್ಮೆ ಒಂದು ಕಡಿಮೆ ಮಾಡುತ್ತ ಬನ್ನಿ. 4 ಮಿಲಿಗ್ರಾಂ ತಿನ್ನುವವರು ಸಂಖ್ಯೆ ಇಳಿಸುವ ಮುಂಚೆ 2ಕ್ಕೆ ಬದಲಾಯಿಸಿಕೊಳ್ಳುವುದು ಸುಲಭ.

ಯಾವುದನ್ನು ಮೊದಲು ಬಿಡಬೇಕು? ನನ್ನ ಪ್ರಕಾರ ಅತ್ಯಂತ ನಿರುಪಯೋಗಿಯಾದುದನ್ನು: ಟಿ.ವಿ. ನೋಡುತ್ತ, ಗಾಡಿ ಓಡಿಸುತ್ತ, ಅರಿವಿಲ್ಲದೆ ಬಾಯಿಗೆ ಹೋಗುವುದನ್ನು. ಬೆಳಗಿನದು, ಊಟದ ನಂತರದ್ದು ಕೊನೆಗೆ ಉಳಿಯಲಿ. ಅರ್ಧ ಗಂಟೆ ಇಟ್ಟುಕೊಳ್ಳುವುದನ್ನು ಹತ್ತು ಹದಿನೈದು ನಿಮಿಷಕ್ಕೆ ಇಳಿಸುವುದೂ ಒಂದು ದಾರಿ. ಸಂಖ್ಯೆ ಅಷ್ಟೇ ಇದ್ದರೂ ಒಳಗೆ ಹೋಗುವುದು ಕಡಿಮೆಯಾಗುತ್ತದೆ.

ಇನ್ನೊಂದು ಉಪಾಯದಿಂದ ನಿಮಗೆ ಬೇಕಾಗಿರುವುದು ನಿಕೋಟಿನ್ನೋ ಬಾಯಾಡಿಸುವ ಅಭ್ಯಾಸವೋ ಎನ್ನುವುದೂ ತಿಳಿಯುತ್ತದೆ. ಅದೇ ಡಬ್ಬಿಗೆ ಸಕ್ಕರೆಯಿಲ್ಲದ ಮಾಮೂಲಿ ಪುದೀನ ಗಮ್ ಎರಡನ್ನು ಸೇರಿಸಿ, ಸರದಿಯಲ್ಲಿ ಬಂದಂತೆ ತಿನ್ನಿ. ಅವು ಬಂದ ದಿನ ಏನೂ ವ್ಯತ್ಯಾಸ ಕಾಣದಿದ್ದರೆ ನಿಮ್ಮದು ದವಡೆಯ ಚಟ. ಮಾಮೂಲಿ ಗಮ್ಮುಗಳನ್ನು ವಾರಕ್ಕೊಂದರಂತೆ ಹೆಚ್ಚಿಸುತ್ತ ಹೋದರೆ ಕೆಲಸ ಮುಗಿಯಿತು. ಸಿಡುಕು, ತಲೆಭಾರ ಬಂದರೆ ಅದು ನಿಕೋಟಿನ್. ಇಳಿಸುವ ವೇಗ ಕಡಿಮೆ ಮಾಡಿ. ಪ್ರತಿ ಮೆಟ್ಟಿಲಲ್ಲೂ ಕೆಲವು ದಿನ ಕಿರಿಕಿರಿ ಇರುವುದು ಸಹಜ. ಆದರೆ ಸಿಗರೇಟಿನ ಆಸೆಯೇ ಮರುಕಳಿಸಿದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ ಎರಡು ವಾರ ಅಲ್ಲೇ ನಿಲ್ಲಿ. ಹಿಂದಕ್ಕೆ ಹೋಗುವುದು ಈ ಕ್ರಮದಲ್ಲಿ ಇರುವಂಥದ್ದೇ.

ದಿನಕ್ಕೆ ಒಂದೆರಡಕ್ಕೆ ಇಳಿದ ಮೇಲೆ ಎಳೆಯಬೇಡಿ. ಅಷ್ಟರಲ್ಲಿ ದೇಹಕ್ಕೆ ಸಿಗುತ್ತಿರುವುದು ಅತ್ಯಲ್ಪ. ಒಂದು ದಿನ ಹೇಳಿ ನಿಲ್ಲಿಸಿ. ಪ್ಯಾಚ್‌ನವರು 7ರ ಎರಡು ವಾರ ಮುಗಿದೊಡನೆ ನಿಲ್ಲಿಸಬಹುದು. ಪ್ಯಾಚನ್ನು ಕತ್ತರಿಯಿಂದ ತುಂಡು ಮಾಡಿ ಇನ್ನಷ್ಟು ದಿನ ಹಚ್ಚುವ ಉಪಾಯ ಬೇಡ.

ಆರು ತಿಂಗಳು ಕಳೆದರೂ ಗಮ್ ಬಿಡಲಾಗುತ್ತಿಲ್ಲ, ದವಡೆ ನೋಯುತ್ತಿದೆ, ರಕ್ತದೊತ್ತಡ ಏರುತ್ತಿದೆ ಎನ್ನುವವರು ವೈದ್ಯರನ್ನು ಕಾಣಿ. ಗಮ್ಮಿನಿಂದ ಪ್ಯಾಚಿಗೆ ದಾಟಿಸಿ, ಪ್ಯಾಚನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು ಅವರು ಸೂಚಿಸಬಹುದಾದ ಒಂದು ದಾರಿ.

ನಿಲ್ಲಿಸಿದ ಮೇಲೂ ಒಂದು ಸ್ಟ್ರಿಪ್ ಮೂರು ತಿಂಗಳು ಬ್ಯಾಗಿನಲ್ಲಿರಲಿ, ಅವಧಿ ಮುಗಿಯುವ ದಿನಾಂಕ ನೋಡಿಟ್ಟು. ಸಾವಿನ ಮನೆ, ಆಸ್ಪತ್ರೆಯ ವರಾಂಡ, ರಾತ್ರಿ ಬಸ್ಸು ಊಟಕ್ಕೆ ನಿಲ್ಲಿಸುವ ಜಾಗ, ಹಳೆಯ ಸಹಪಾಠಿಗಳ ಕೂಟ, ಇಂಥ ಕಡೆ ಒಂದು ಗಮ್ ಬೇಕಾಗಬಹುದು. ತಿಂದರೆ ತಿಂದಿರಿ, ಮರುದಿನ ಮತ್ತೆ ಎಣಿಕೆ ಶುರುಮಾಡಬೇಕಾಗಿಲ್ಲ. ಮೂರು ತಿಂಗಳಾದ ಮೇಲೆ ಉಳಿದದ್ದನ್ನು ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗದಂತೆ ಗಟ್ಟಿಯಾಗಿ ಸುತ್ತಿ ಕಸಕ್ಕೆ ಹಾಕಿ. ಅಗಿಯದ ಒಂದೇ ಒಂದು ಗಮ್ ಕೂಡ ಸಣ್ಣ ಮಗುವಿಗೆ ಅಪಾಯಕಾರಿ.